ಕೊಟ್ರೇಶನನ್ನು ಹುಡುಕುವ ಯಂತ್ರ

ಕೊಟ್ರೇಶ ಹೋದದ್ದು ಭತ್ತ ತೆನೆ ಕಟ್ಟುವ ಹೊತ್ತಿಗೆ. ಬೆಳಿಗ್ಗೆ ಕಾಟಾ ರೂಮಿನ ಬೀಗ ತೆಗೆದವನು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಳಿತನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕುಷ್ಟಗಿಯಿಂದ ಬಸ್ಸು ಹಿಡಿದು ಬರುವಾಗ ದಾರಿಯುದ್ದಕ್ಕೂ ನಾನು ಅವನ ಫೋನಿಗೇ ಕರೆ ಮಾಡುತ್ತಿದ್ದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ಸುದ್ದಿ ಬಂದದ್ದೇ ಆ ನಂಬರಿನಿಂದ.

ಗಂಗಾವತಿ ಊರು ದಾಟಿದ ಮೇಲೆ ಸಿಗುವ ಈಶಪ್ಪನವರ ರೈಸ್ ಮಿಲ್ಲಿನಲ್ಲಿ ಅವನದು ಕಾಟಾದ ಕೆಲಸ. ಕಾಟಾ ಎಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಮಾಲಿನ ಸಮೇತ ತೂಗುವ ನೆಲದ ತಕ್ಕಡಿ. ತುಂಬಿದ ಗಾಡಿ ಒಮ್ಮೆ ಹತ್ತುತ್ತದೆ, ಭತ್ತ ಇಳಿಸಿದ ಮೇಲೆ ಖಾಲಿ ಗಾಡಿ ಮತ್ತೊಮ್ಮೆ ಹತ್ತುತ್ತದೆ. ನಡುವಿನ ವ್ಯತ್ಯಾಸ ರೈತನ ಭತ್ತ. ಕೊಟ್ರೇಶ ಅದನ್ನು ಕಂಪ್ಯೂಟರಿನಲ್ಲಿ ಹಿಡಿದು, ಚೀಟಿ ಮಾಡಿ ಕೊಡುತ್ತಿದ್ದ. ಹದಿನೈದು ವರ್ಷಕ್ಕೂ ಮೇಲೆ ಅದೇ ಕುರ್ಚಿ, ಅದೇ ಕಿಟಕಿ.

ಮಣ್ಣು ಮುಗಿಸಿ, ದಿನಗಳೆಲ್ಲ ಮುಗಿದ ಮೇಲೆ ಅವನ ಹೆಂಡತಿ ಲಲಿತಾ ಮಿಲ್ಲಿಗೆ ಬಂದು, "ಆ ಕೆಲಸ ನಾ ಮಾಡ್ತೀನ್ರಿ ಸಾವ್ಕಾರ್ರ" ಎಂದು ಕೇಳಿದಳು. ಕೊರೊನಾ ಕಾಲದಲ್ಲಿ ಕೊಟ್ರೇಶ ಜ್ವರ ಬಂದು ಮಲಗಿದಾಗ ಅವಳೇ ಮುಖಕ್ಕೆ ಸೆರಗು ಕಟ್ಟಿಕೊಂಡು ಬಂದು ಕೆಲವು ದಿನ ತೂಗಿದ್ದಳು. ಈಶಪ್ಪನವರಿಗೆ ಅದು ನೆನಪಿತ್ತು. ಆದರೆ ಆಗ ಸುಗ್ಗಿಯ ಕಾಲವಾಗಿರಲಿಲ್ಲ ಎಂಬುದೂ ನೆನಪಿತ್ತು.

"ಸುಗ್ಗಿ ಮೊದಲನೇ ದಿನ ನೋಡೂಣವ್ವ" ಎಂದರು. "ಗಾಡಿ ನಿಲ್ಲದಂಗ ತೂಗಿದ್ಯಂದ್ರ ಕುರ್ಚಿ ನಿಂದು. ನಿಂತ್ವು ಅಂದ್ರ ನಾ ಹೊಸಪೇಟಿ ಕಡಿ ಒಂದು ಕಂಪನಿಗೆ ಹೇಳ್ತೀನಿ. ಅವರು ಮಿಷನ್ನೂ ತರ್ತಾರ, ಕೂರೂ ಮನಿಷ್ಯಾನ್ನೂ ತರ್ತಾರ. ಮನಸಿಗೆ ಹಚ್ಕೋಬ್ಯಾಡ. ಮಿಲ್ಲು ನಿಲ್ಲಬಾರದಲ್ಲ?"

ಕುರ್ಚಿ ಸಿಗದಿದ್ದರೆ ಬಾಡಿಗೆ ಮನೆ ಬಿಟ್ಟು, ಮಗಳು ಐಶ್ವರ್ಯಳನ್ನು ಕರೆದುಕೊಂಡು ಯಲಬುರ್ಗಾದ ತವರಿಗೆ ಹೋಗಬೇಕಿತ್ತು. ಅಣ್ಣಂದಿರು ಒಳ್ಳೆಯವರು, ಕರೆಯುತ್ತಲೇ ಇದ್ದರು. ಲಲಿತಾಳಿಗೆ ಅದು ಬೇಡವಾಗಿತ್ತು. ನನ್ನ ಹತ್ತಿರ ಒಮ್ಮೆ ಮಾತ್ರ ಹೇಳಿದಳು: "ತಿರುಗಿ ಹೋದ್ರ ಚೆಂದಾಗೇ ನೋಡ್ಕೊಂತಾರ ಅಣ್ಣಾರ. ಆದ್ರ ಆ ಮನ್ಯಾಗ ನಾ ಸಾಯೂ ಮಟ ತಿರುಗಿ ಬಂದಾಕಿನ ಆಗಿರ್ತೀನಿ."

ಕೊಟ್ರೇಶ ಎಂಥವನಾಗಿದ್ದ ಎಂದು ಬರೆಯಲು ಕುಳಿತರೆ ಮೊದಲು ನೆನಪಾಗುವುದು ಅವನ ಎತ್ತರ. ನಮ್ಮೂರು ಮರಳಿಯಲ್ಲಿ ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಪ್ರಾರ್ಥನೆಗೆ ನಿಂತರೆ ಅವನು ಯಾವಾಗಲೂ ಸಾಲಿನ ಕೊನೆ. ಊರಿನಲ್ಲಿ ಕೊಟ್ರೇಶರು ಬಹಳ ಜನ ಇದ್ದರು. ಓಣಿಯ ಬಾಯಲ್ಲಿ ನಿಂತು "ಏ ಕೊಟ್ರ್ಯಾ" ಎಂದು ಕೂಗಿದರೆ ಯಾರ ಮನೆ ಮೊದಲು ಇರುತ್ತದೋ ಆ ಕೊಟ್ರೇಶ ಹೊರಗೆ ಬರುತ್ತಿದ್ದ. ನಮ್ಮವನ ಮನೆ ಕೊನೆಗೆ. ಹಾಗಾಗಿ ಅವನನ್ನು ಎಲ್ಲರೂ "ಉದ್ದನ್ನ ಕೊಟ್ರೇಶ" ಎನ್ನುತ್ತಿದ್ದರು. ಈ ಓಣಿಯ ಮಾತು ಮುಂದೆ ಅವನಿಗೆ ಕೆಲಸಕ್ಕೆ ಬಂತು.

ನಾನು ಓದು ಮುಂದುವರಿಸಿ ಕುಷ್ಟಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನಾದೆ. ಅವನು ಗಂಗಾವತಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದು, ಅಲ್ಲಿಂದ ಮಿಲ್ಲಿಗೆ ಬಂದ. ಮಿಲ್ಲಿಗೆ ಬರುವ ಲಾರಿ ಡ್ರೈವರುಗಳಿಗೆ ಅವನು ಇಷ್ಟವಾದದ್ದು ತೂಕದಿಂದಲ್ಲ, ಹಾಡುಗಳಿಂದ. ಅವರ ಮೆಮೊರಿ ಕಾರ್ಡು, ಪೆನ್‌ಡ್ರೈವುಗಳಿಗೆ ತೆಲುಗು ಹಾಡು, ಕವ್ವಾಲಿ, ತತ್ವಪದ ಎಲ್ಲ ತುಂಬಿ ಕೊಡುತ್ತಿದ್ದ. ಆ ಪೆನ್‌ಡ್ರೈವುಗಳ ಜೊತೆ ವೈರಸ್ಸೂ ಬಂತು. ಒಂದು ಬೇಸಿಗೆ ಸುಗ್ಗಿಯಲ್ಲಿ ಕಂಪ್ಯೂಟರ್ ಪೂರ್ತಿ ಮಲಗಿತು. ಈಶಪ್ಪನವರು ಬೈದರು. ಕೊಟ್ರೇಶ ಮರುದಿನವೇ ಕುಷ್ಟಗಿಗೆ ಬಂದು ನನ್ನ ಸ್ಟಾಫ್ ರೂಮಿನಲ್ಲಿ ಕುಳಿತ.

"ಲೇ ವಿರುಪಾ, ಜಡ್ಡು ಹತ್ತದ ಕಂಪ್ಯೂಟರ್ ಯಾವುದಾರ ಐತೇನು?"

"ಜಡ್ಡು ಕಡಿಮಿ ಹತ್ತೂದು ಐತಿ. ಆದ್ರ ಅದರ ಜೊತಿ ಮಾತಾಡೂದು ಕಲೀಬೇಕು."

"ಮಾತಾಡೂದು ನನಗ ಕಲಸ್ತೀಯೇನು? ದಿನಾ ಹಮಾಲರ ಜೊತಿ ಮಾತಾಡ್ತೀನಿ" ಎಂದ.

ನಾನು ಲಿನಕ್ಸ್ ಸಿ.ಡಿ. ಕೊಟ್ಟೆ. ಭಾನುವಾರಗಳಂದು ಗಂಗಾವತಿಗೆ ಹೋಗಿ ಕಾಟಾ ರೂಮಿನಲ್ಲಿ ಅವನ ಜೊತೆ ಕೂಡುತ್ತಿದ್ದೆ. ಪರದೆಯಲ್ಲಿ ಕಪ್ಪು ಕಿಟಕಿ ತೆರೆದು, ಅದರಲ್ಲಿ ಒಂದು ಪದ ಬರೆದು ಎಂಟರ್ ಒತ್ತುವುದು. ಆ ಪದ ಓದಿ, ಆ ಹೆಸರಿನ ಕೆಲಸಗಾರನನ್ನು ಹುಡುಕಿ ತಂದು ಕೆಲಸಕ್ಕೆ ಹಚ್ಚುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ ಎಂದು ನಾನು ತರಗತಿಯ ಧಾಟಿಯಲ್ಲಿ ಹೇಳಿದೆ. ಅವನು ರೂಮಿನ ಕಿಟಕಿಯ ಹೊರಗೆ ಬೆರಳು ಮಾಡಿದ. ಹೊರಗೆ ಶಬ್ಬೀರಸಾಬ ನಿಂತಿದ್ದ. ಮಿಲ್ಲಿನ ಹಮಾಲರಿಗೆಲ್ಲ ಮುಕಾದಮ, ಅಂದರೆ ಅವರನ್ನು ಕರೆತಂದು ಕೆಲಸಕ್ಕೆ ಹಚ್ಚುವವನು.

"ಅಂದ್ರ ನಮ್ಮ ಸಾಬ ಇದ್ದಂಗ. ನಾ ಇಲ್ಲಿಂದ ಒದರ್ತೀನಿ, ದುರಗಪ್ಪನ್ನ ಕಳಸೋ ಅಂತ. ಅವ ಹೋಗಿ ಹುಡುಕಿ ತರ್ತಾನ."

"ಹೂಂ, ಬರೋಬ್ಬರಿ ಹಂಗ."

ಆದರೆ ಅವತ್ತೇ ಅವನ ಮೊದಲ ಸ್ಕ್ರಿಪ್ಟು, ಅಂದರೆ ಯಂತ್ರಕ್ಕೆ ಸಾಲುಸಾಲಾಗಿ ಬರೆದಿಟ್ಟ ಕೆಲಸ, ಓಡಲಿಲ್ಲ. ಫೈಲು ಕಣ್ಣೆದುರಿಗೇ ಇದೆ, ಹೆಸರು ಹೊಡೆದರೆ "ಕಮಾಂಡ್ ನಾಟ್ ಫೌಂಡ್" ಎನ್ನುತ್ತದೆ. ಕೊಟ್ರೇಶನಿಗೆ ಸಿಟ್ಟು ಬಂತು.

"ಮುಂದ ಕುಂತೈತಿ, ಇಲ್ಲ ಅಂತೈತಲ್ಲೋ! ಇದೇನು ಕೈಯಾಗ ರೊಕ್ಕ ಇಟ್ಕೊಂಡು ಇಲ್ಲ ಅನ್ನೂ ನಮ್ಮ ಸ್ವಾದರಮಾವನ ಮನ್ಯಾಗ ಹುಟ್ಟೈತೇನು?"

ಶೆಲ್ ಎಲ್ಲ ಕಡೆ ಹುಡುಕುವುದಿಲ್ಲ, ತನಗೆ ಹೇಳಿಕೊಟ್ಟ ಕೆಲವು ಜಾಗಗಳನ್ನು ಮಾತ್ರ ಹೇಳಿಕೊಟ್ಟ ಕ್ರಮದಲ್ಲಿ ನೋಡುತ್ತದೆ, ನೀನು ನಿಂತ ಜಾಗ ಆ ಸಾಲಿನಲ್ಲಿ ಇಲ್ಲ ಎಂದೆ. ಅವನು ನಕ್ಕ. ಶಬ್ಬೀರಸಾಬನೂ ಹಾಗೆಯೇ ಅಂತೆ. ಹಮಾಲರನ್ನು ಮೊದಲು ಚಹಾದ ಅಂಗಡಿಯಲ್ಲಿ ನೋಡುತ್ತಾನೆ, ಆಮೇಲೆ ಬೇವಿನ ಗಿಡದ ಕೆಳಗೆ, ಆಮೇಲೆ ಗೋದಾಮಿನ ಹಿಂದೆ. ಅಲ್ಲಿಗೆ ಮುಗಿಯಿತು. ದುರಗಪ್ಪ ಕಾಟಾದ ಕಿಟಕಿಯ ಬುಡದಲ್ಲೇ ಗೊರಕೆ ಹೊಡೆಯುತ್ತಿದ್ದರೂ ಬಂದು "ಇಲ್ರೀ" ಎನ್ನುತ್ತಾನೆ.

ಮುಂದಿನ ವಾರ ಇನ್ನೊಂದು. ಫೈಲು ಸಿಕ್ಕಿತು, ಆದರೆ "ಪರ್ಮಿಶನ್ ಡಿನೈಡ್". ಇದನ್ನು ಅವನೇ ಬಿಡಿಸಿದ. ಮಾರುಕಟ್ಟೆಯಲ್ಲಿ ತೋಳಿಗೆ ಲೈಸೆನ್ಸಿನ ಬಿಲ್ಲೆ ಇಲ್ಲದ ಹಮಾಲ ಚೀಲ ಮುಟ್ಟುವ ಹಾಗಿಲ್ಲವಲ್ಲ, ಇದಕ್ಕೂ ಬಿಲ್ಲೆ ಕೊಡಬೇಕು ಎಂದ. ಅದಾದ ಮೇಲೆ ಒಂದು ಫೈಲಿಗೆ ಓಡುವ ಅನುಮತಿ ಕೊಡುವುದನ್ನು ನಾವಿಬ್ಬರೂ ಬಿಲ್ಲೆ ಹಾಕುವುದು ಎಂದೇ ಕರೆದೆವು. ನನ್ನ ವಿದ್ಯಾರ್ಥಿಗಳೂ ಈಗ ಹಾಗೆಯೇ ಅನ್ನುತ್ತಾರೆ. ಅದು ಎಲ್ಲಿಂದ ಬಂತು ಎಂದು ಅವರಿಗೆ ಗೊತ್ತಿಲ್ಲ.

ಆಮೇಲೆ ಅವನು ಪರೀಕ್ಷೆಗೆಂದು ಒಂದು ಸ್ಕ್ರಿಪ್ಟು ಬರೆದು ಅದಕ್ಕೆ "ಟೆಸ್ಟ್" ಎಂದು ಹೆಸರಿಟ್ಟ. ಹುಡುಕುವ ಹಾದಿ ಸರಿ, ಬಿಲ್ಲೆ ಸರಿ. ಹೆಸರು ಹೊಡೆದರೆ ತಪ್ಪು ಅನ್ನುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಬಂದು ಕೂರುತ್ತದೆ. ಮೂರು ದಿನ ಫೋನಿನಲ್ಲಿ ತಲೆ ತಿಂದ. ಕೊನೆಗೆ ಆ ಹೆಸರಿನವನು ಯಾರು ಎಂದು ಶೆಲ್ಲನ್ನೇ ಕೇಳುವ ಕಮಾಂಡು ಹೇಳಿಕೊಟ್ಟೆ. ಟೆಸ್ಟ್ ಎಂಬ ಇನ್ನೊಬ್ಬ ಕೆಲಸಗಾರ ಶೆಲ್ಲಿನ ಒಳಗೇ ಇದ್ದ. ಕರೆದಾಗಲೆಲ್ಲ ಅವನೇ ಎದ್ದು ಬರುತ್ತಿದ್ದ.

"ಅಯ್ಯ, ನಮ್ಮ ಓಣಿ ಕಥಿನ ಅಲ್ಲೇನೋ ಇದು!" ಎಂದು ಫೋನಿನಲ್ಲೇ ಕೂಗಿದ. "ಮೊದಲನೇ ಮನಿ ಕೊಟ್ರೇಶ ಬಂದಾನ. ಕಡೀ ಮನ್ಯಾಂವ ಇನ್ನಾ ಮಕ್ಕೊಂಡಾನ!"

ಅಂದಿನಿಂದ ಅವನು ತನ್ನ ಸ್ಕ್ರಿಪ್ಟುಗಳಿಗೆ ಕನ್ನಡದಲ್ಲೇ ಹೆಸರಿಟ್ಟ. ಕನ್ನಡದಲ್ಲಿ ಇಟ್ಟರೆ ಒಳಗಿನವರು ಯಾರೂ ಅಡ್ಡ ಬರುವುದಿಲ್ಲ ಎಂಬುದು ಅವನ ಲೆಕ್ಕ. ಮೂರೇ ಮುಖ್ಯ: "ತುಂಬಿದ" ಎಂದು ಹೊಡೆದರೆ ಮಾಲಿನ ಗಾಡಿಯ ತೂಕ ಹಿಡಿಯುತ್ತದೆ. "ಖಾಲಿ" ಎಂದರೆ ಬರಿ ಗಾಡಿಯದು. "ಚೀಟಿ" ಎಂದರೆ ದೊಡ್ಡ ಕನ್ನಡ ಅಕ್ಷರದ ಚೀಟಿ ಪ್ರಿಂಟರಿನಿಂದ ಬರುತ್ತದೆ. ಆ ಕಪ್ಪು ಕಿಟಕಿಯಲ್ಲಿ ಕನ್ನಡ ಅಷ್ಟು ಚೆಂದ ಕಾಣುತ್ತಿರಲಿಲ್ಲ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತಿತ್ತು. ಅವನು ಅದಕ್ಕೆಂದೇ ಒತ್ತಿಲ್ಲದ ಪದಗಳನ್ನು ಆರಿಸಿದ್ದ. ಮೂರನ್ನೂ "ಕೊಟ್ರೇಶ" ಎಂಬ ಫೋಲ್ಡರಿನಲ್ಲಿಟ್ಟು, ಶೆಲ್ ಹುಡುಕುವ ಜಾಗಗಳ ಸಾಲಿನ ಕೊನೆಗೆ ಅದರ ವಿಳಾಸ ಸೇರಿಸಿದ. "ಇಲ್ಲೂ ನಂದು ಕಡೀ ಮನೀನ" ಎಂದ.

ಅವನು ಮಾಡಿದ ಇನ್ನೊಂದು ಕೆಲಸವನ್ನು ಹೇಳಬೇಕು. ಹಳೆಯ ಪರದೆಯೊಂದನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟ. ಒಳಗೆ ಅವನು ಏನು ಬರೆಯುತ್ತಾನೋ, ಯಂತ್ರ ಏನು ಹೇಳುತ್ತದೋ, ಅದು ಅಂಗಳದಲ್ಲಿ ನಿಂತವರಿಗೂ ಕಾಣುತ್ತಿತ್ತು. ಓದಲು ಬಾರದವರೂ ಅದರ ಮುಂದೆ ನಿಂತು ಅಂಕಿ ನೋಡುತ್ತಿದ್ದರು. ಮರಳಿ, ಆನೆಗೊಂದಿ ಕಡೆಯ ರೈತರು ದಾರಿಯಲ್ಲಿ ಬೇರೆ ಕಾಟಾ ಇದ್ದರೂ ಇಲ್ಲಿಗೇ ಬರುತ್ತಿದ್ದರು. ಈಶಪ್ಪನವರು ಅದಕ್ಕೆ ಅವನನ್ನು ಹೊಗಳಿದ್ದು ನಾನು ಕೇಳಿಲ್ಲ, ಆದರೆ ಪರದೆ ಕೆಟ್ಟಾಗ ಮಾತಿಲ್ಲದೆ ಹೊಸದು ತರಿಸಿದರು.

ಲಲಿತಾ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಅವನು ಉಣ್ಣುವಾಗ ಗಾಡಿ ಬಂದರೆ ಅವಳೇ "ತುಂಬಿದ" ಹೊಡೆಯುತ್ತಿದ್ದಳು. ಹಾಗೆಯೇ ಕಲಿತಳು. ಏನಾದರೂ ನಿಂತರೆ ಅವನು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಹೇಳುತ್ತಿದ್ದ, ಎಲ್ಲೆಲ್ಲಿ ಹುಡುಕಾಕತ್ತೈತಿ ಕೇಳು, ಅಲ್ಲಿ ಅದು ಐತೇನು ನೋಡು, ಇದ್ರ ಬಿಲ್ಲೆ ಐತೇನು ನೋಡು, ಆಮ್ಯಾಲ ಅಳು. ಅವಳು ನಗುತ್ತಿದ್ದಳು. ಒಂದು ಮಾತ್ರ ಅವಳು ಮಾಡುತ್ತಿರಲಿಲ್ಲ. ಆ ಫೋಲ್ಡರಿನ ಹೆಸರು ಹೇಳುತ್ತಿರಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಸೋಬಾನೆಯಲ್ಲಿ ಒಡಪು ಹಾಕಿ, ಪದ್ಯದ ಒಳಗೆ ಮುಚ್ಚಿ ಹೇಳುವುದಷ್ಟೇ. ಲಲಿತಾ ಪಿ.ಯು.ಸಿ. ಓದಿದವಳು, ಇದನ್ನೆಲ್ಲ ನಂಬುತ್ತೇನೆ ಎಂದು ಯಾವತ್ತೂ ಹೇಳಿದವಳಲ್ಲ. ಆದರೂ ಅದು "ಅವರ ಫೋಲ್ಡರ್". ಅದರ ಒಳಗೆ ಹೋಗಬೇಕಾದರೆ ಮೌಸ್ ಹಿಡಿದು ಹೋಗುತ್ತಿದ್ದಳು. ಅಕ್ಷರ ಬರೆದು ಹೋಗುತ್ತಿರಲಿಲ್ಲ.

ದೀಪಾವಳಿ ಮುಗಿದು ಸುಗ್ಗಿ ಶುರುವಾಯಿತು. ಮೊದಲ ದಿನ ಮಿಲ್ಲಿನಲ್ಲಿ ಕಾಟಾಕ್ಕೆ ಪೂಜೆ ಇರುತ್ತದೆ. ಈಶಪ್ಪನವರು ನನ್ನನ್ನೂ ಕರೆದಿದ್ದರು. ಬೆಳಿಗ್ಗೆ ನಾನು ಮುಟ್ಟುವ ಹೊತ್ತಿಗೆ ಕಾಟಾದ ನಾಲ್ಕು ಮೂಲೆಗೆ ವಿಭೂತಿ ಹಚ್ಚಿದ್ದರು, ಚೆಂಡುಹೂವಿನ ಮಾಲೆ ಬಿಟ್ಟಿದ್ದರು. ರೂಮಿನ ಧೂಳನ್ನೆಲ್ಲ ಹಿಂದಿನ ದಿನ ಶಬ್ಬೀರಸಾಬನೇ ನಿಂತು ಹೊಡೆಸಿದ್ದನಂತೆ. ಗೋಡೆಯ ಮೇಲೆ ಕೊಟ್ರೇಶನ ಫೋಟೋ, ಅದಕ್ಕೆ ಹಾರ. ಕೆಳಗೆ ಪೇಂಟರ್ ಕೈಯಲ್ಲಿ ಬರೆಸಿದ ಅಕ್ಷರ: ಲಿಂಗೈಕ್ಯ ಕೊಟ್ರೇಶ. ನಾನು ಅದನ್ನು ಓದಿ ಬೇರೆ ಕಡೆ ನೋಡಿದೆ.

ಲಲಿತಾ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ಅದು ಕೊಟ್ರೇಶನ ಎತ್ತರಕ್ಕೆ ಏರಿಸಿದ ಕುರ್ಚಿ. ಅವಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಇಳಿಸಿ ಎಂದು ಹೇಳಲು ಕುರ್ಚಿ ಇನ್ನೂ ಅವಳದಾಗಿರಲಿಲ್ಲ. ಬೇರೆಯವರಿಗೆ ತೋಚಿರಲಿಲ್ಲ.

ತೆಂಗಿನಕಾಯಿ ಒಡೆದರು. ಮೊದಲ ಟ್ರ್ಯಾಕ್ಟರ್ ನಿಂಬೆಹಣ್ಣಿನ ಮೇಲೆ ಹಾದು ಕಾಟಾ ಹತ್ತಿತು. ಮರಳಿಯದೇ ಗಾಡಿ. ಚೀಲಗಳ ಮೇಲೆ ಕುಳಿತಿದ್ದವಳು ಯಮನೂರಮ್ಮ, ಕೊಟ್ರೇಶನನ್ನು ತೊಟ್ಟಿಲಿನಿಂದ ನೋಡಿದ ಮುದುಕಿ. ಲಲಿತಾ ಕೈಮುಗಿದು "ತುಂಬಿದ" ಎಂದು ಹೊಡೆದಳು.

ಕಮಾಂಡ್ ನಾಟ್ ಫೌಂಡ್.

ಹೊರಗಿನ ಪರದೆಯ ಮೇಲೂ ಅದೇ ಬಂತು. ಅಕ್ಷರ ತಪ್ಪಿರಬೇಕೆಂದು ಅವಳು ಮತ್ತೆ ಹೊಡೆದಳು. ಅದೇ. ನಿನ್ನೆ ಮೊನ್ನೆಯವರೆಗೂ ಅಭ್ಯಾಸಕ್ಕೆಂದು ಬಂದು ಹೊಡೆದಿದ್ದಳು, ಎಲ್ಲ ಓಡಿತ್ತು. ಹಿಂದೆ ಗಾಡಿಗಳು ರಸ್ತೆಯವರೆಗೆ ನಿಂತಿದ್ದವು. ಯಾರೋ ಹಾರ್ನ್ ಹೊಡೆದರು. ಈಶಪ್ಪನವರು ಕಿಟಕಿಗೆ ಬಂದರು.

"ಏನಾತವ್ವ?"

"ನೋಡ್ತೀನ್ರಿ."

ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕ ನಿಂತು ಕೀಲಿಮಣೆಗೆ ಕೈ ಹಾಕಿದೆ. ಎಲ್ಲಿ ಹುಡುಕುತ್ತಿದ್ದೀಯ ಎಂದು ಶೆಲ್ಲನ್ನು ಕೇಳಿದೆ. ಜಾಗಗಳ ಸಾಲು ಬಂತು. ಕೊನೆಗೆ ಕೊಟ್ರೇಶ ಇದ್ದ. ಹಾದಿ ಸರಿಯಾಗಿಯೇ ಇದೆ. ಹಾಗಾದರೆ ಫೈಲುಗಳೇ ಅಳಿಸಿ ಹೋಗಿವೆ ಎಂದುಕೊಂಡೆ. ಅವನು ಬರೆದದ್ದೆಲ್ಲ ಹೋಯಿತು ಎಂದುಕೊಂಡಾಗ ನನ್ನ ಕೈ ಮುಂದೆ ಓಡಲಿಲ್ಲ.

"ಅಣ್ಣಾರ" ಎಂದಳು ಲಲಿತಾ, ಮೆಲ್ಲಗೆ. "ಹಾದಿ ಐತಿ. ಆ ಹಾದ್ಯಾಗ ಮನಿ ಐತೇನು ನೋಡೂಣಲ್ರೀ?"

ಅವಳೇ ಫೋಲ್ಡರುಗಳ ಪಟ್ಟಿ ತೆಗೆದಳು. ಕೊಟ್ರೇಶ ಎಂಬ ಫೋಲ್ಡರ್ ಇರಲಿಲ್ಲ. ಆ ಜಾಗದಲ್ಲಿ ಒತ್ತುಗಳು ಜಾರಿಕೊಂಡ ಉದ್ದನೆಯ ಹೆಸರೊಂದಿತ್ತು. ಇಬ್ಬರೂ ಕೂಡಿ ಓದಿದೆವು. ಲಿಂಗೈಕ್ಯ ಕೊಟ್ರೇಶ.

ಕಿಟಕಿಯ ಹೊರಗೆ ಶಬ್ಬೀರಸಾಬನೂ ಅದನ್ನು ಓದಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅದು ನಾನ ಮಾಡೀನ್ರಿ ಸರ. ನಿನ್ನಿ ಸಂಜಿಮುಂದ."

"ಯಾಕೋ?" ಎಂದರು ಈಶಪ್ಪನವರು.

"ಫೋಟೋದ ಕೆಳಗ ಬರೆಸಿದ್ನೆಲ್ರೀ. ಆಮ್ಯಾಲ ಕಂಪ್ಯೂಟರ್ ಕಡಿ ನೋಡಿದ್ರ ಅಲ್ಲಿ ಬರೀ ಕೊಟ್ರೇಶ ಅಂತ ಇತ್ತು. ಹೋದಂವನ್ನ ಹಂಗ ಬರೀ ಹೆಸರು ಹಿಡದು ಕರೀತಾರೇನ್ರಿ? ನಿಮ್ಮವರಾಗ ಲಿಂಗೈಕ್ಯ ಅಂತ ಹಚ್ಚಬೇಕು ಅಂತ ಮಠದ ಅಯ್ನೋರು ಹೇಳಿದ್ರು. ಹಾಡಿನ ಫೋಲ್ಡರಿಗೆ ಹೆಸರಿಡೂದು ಅವನ ನನಗ ಕಲಿಸಿದ್ದ. ಅದಕ್ಕ ತಿದ್ದಿದೆ." ಟೋಪಿ ಮಡಚುತ್ತ, "ಮಿಷನ್ನಿಗೆ ಅಷ್ಟೂ ತಿಳಿಯೂದಿಲ್ಲ ಅಂತ ನನಗೇನು ಗೊತ್ತು" ಎಂದ.

ಯಾರಿಗೂ ಅವನನ್ನು ಬೈಯುವ ಮನಸ್ಸು ಬರಲಿಲ್ಲ. ಆದರೆ ಹಾರ್ನ್ ಮತ್ತೆ ಕೇಳಿತು. ಹೊಸ ಹೆಸರನ್ನೇ ಹುಡುಕುವ ಸಾಲಿಗೆ ಸೇರಿಸಿಬಿಟ್ಟರೆ ಆಯಿತು ಎಂದು ನಾನು ಅವಸರದಲ್ಲಿ ಹೊಡೆದೆ. ಎರಡು ಪದಗಳ ನಡುವೆ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇಲ್ಲದಿದ್ದರೆ ಶೆಲ್ ಎರಡನ್ನೂ ಬೇರೆ ಮಾಡಿ ಓದುತ್ತದೆ ಎಂದು ಪ್ರತಿವರ್ಷ ತರಗತಿಯಲ್ಲಿ ಹೇಳುವವನು ನಾನು. ಅವತ್ತು ಮರೆತೆ. ಅದು ಲಿಂಗೈಕ್ಯವನ್ನು ತೆಗೆದುಕೊಂಡು, ಕೊಟ್ರೇಶನನ್ನು ಹೊರಗಿಟ್ಟು, ಈ ಹೆಸರು ನಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿತು. ಕೊಟ್ರೇಶ ಎಂಬ ಪದ, ಅದರ ಮುಂದೆ ಆ ಮಾತು. ಪರದೆ ನನ್ನ ಕಣ್ಣಿಗೆ ಮಸುಕಾಯಿತು.

ಈಶಪ್ಪನವರು ನೋಡಿದರು. ಕಠಿಣವಾಗಿ ಅಲ್ಲ, ಆದರೆ ಗಟ್ಟಿಯಾಗಿಯೇ ಹೇಳಿದರು.

"ಸರ, ನೀವು ಸರೀರಿ. ದಿನಾ ಕುಷ್ಟಗಿಯಿಂದ ಬರಾಕ ನಿಮಗ ಆಗ್ತೈತೇನು? ಆಕಿ ಮಾಡ್ಲಿ. ಆಗೂದಿಲ್ಲಂದ್ರ ಈಗ ಹೇಳ್ಲಿ, ಗಾಡಿ ಬ್ಯಾರೆ ಕಾಟಾಕ್ಕ ಕಳಸ್ತೀನಿ."

ನಾನು ಸರಿದೆ. ಲಲಿತಾ ಕುರ್ಚಿಯನ್ನು ಮುಂದೆ ಎಳೆದುಕೊಂಡಳು.

"ಹಳೇ ಹೆಸರ ಇಟ್ಟುಬಿಡ್ರಿ ತಂಗೀ" ಎಂದ ಶಬ್ಬೀರಸಾಬ, ಮುಖ ಸಣ್ಣದು ಮಾಡಿಕೊಂಡು. "ನಂದ ತಪ್ಪು."

"ಬ್ಯಾಡ ಸಾಬಣ್ಣ. ನೀ ಬರದದ್ದು ಛಲೋ ಐತಿ, ಇರ್ಲಿ. ಅವರ ಫೋಟೋ, ಅವರ ಹಾಡು ಎಲ್ಲಾ ಅದರಾಗ ಇರ್ಲಿ. ಕೆಲಸದ ಮೂರು ಅಷ್ಟ ಹೊರಗ ತರ್ತೀನಿ. ಈ ಸಲ ಯಾರ ಹೆಸರೂ ಇಡೂದಿಲ್ಲ, ಕಾಟಾ ಅಂತ ಇಡ್ತೀನಿ." ಅವನ ಕಡೆ ತಿರುಗಿ ಹೇಳಿದಳು: "ನನ್ನ ಹೆಸರು ಇಟ್ರ ನಾಳಿಗೆ ನಾ ಸತ್ತ ದಿನ ಮತ್ತ ಬಂದು ತಿದ್ದಾಂವ ನೀನ."

ಟ್ರ್ಯಾಕ್ಟರಿನ ಡ್ರೈವರ್ ಮೊದಲು ನಕ್ಕ. ಆಮೇಲೆ ಹಮಾಲರು ನಕ್ಕರು. ಶಬ್ಬೀರಸಾಬ ಟೋಪಿಯಿಂದ ಕಣ್ಣು ಒರೆಸಿಕೊಂಡ.

ಅವಳು "ಕಾಟಾ" ಎಂಬ ಹೊಸ ಫೋಲ್ಡರ್ ಮಾಡಿದಳು. ಇನ್ನು ಮೂರು ಫೈಲುಗಳನ್ನು ಅಲ್ಲಿಗೆ ತರಬೇಕು. ತರುವುದಕ್ಕೆ ಅವು ಈಗ ಎಲ್ಲಿವೆ ಎಂದು ಬರೆಯಬೇಕು. ಅವಳ ಬೆರಳು ಅಲ್ಲಿ ನಿಂತಿತು. ನನಗೆ ತಡವಾಗಿ ಹೊಳೆಯಿತು. ಬಗ್ಗಿ ಹೇಳಿದೆ:

"ಮೊದಲನೇ ಅಕ್ಷರ ಬರದು ಟ್ಯಾಬ್ ಒತ್ತವ್ವಾ. ಉಳಿದದ್ದು ಅದ ಬರ್ಕೊಂತೈತಿ. ಇಲ್ಲಾಂದ್ರ ಮೌಸ್ ಹಿಡಿ."

ಅವಳು ಹೊರಗಿನ ಪರದೆಯ ಕಡೆ ನೋಡಿದಳು. ಅಂಗಳದ ತುಂಬ ಜನ ಅದನ್ನೇ ನೋಡುತ್ತಿದ್ದರು. ಚೀಲಗಳ ಮೇಲಿಂದ ಯಮನೂರಮ್ಮ ಅವಳ ಬೆರಳನ್ನೋ, ಮುಖವನ್ನೋ ನೋಡಿ ಅರ್ಥ ಮಾಡಿಕೊಂಡಿರಬೇಕು.

"ಬರಿಯವ್ವ" ಎಂದಳು. "ಇನ್ನ ಅವಗ ಏನಾಗೂದೈತಿ?"

"ಟ್ಯಾಬ್ ಬ್ಯಾಡ್ರಿ ಅಣ್ಣಾರ" ಎಂದಳು ಲಲಿತಾ. "ನಾನ ಬರೀತೀನಿ."

ಮೊದಲು ಉದ್ಧರಣ ಚಿಹ್ನೆ ಇಟ್ಟಳು. ಆಮೇಲೆ ಲಿಂಗೈಕ್ಯ ಎಂದು ಬರೆದಳು. ಜಾಗ ಬಿಟ್ಟಳು. ಆಮೇಲೆ ಒಂದೊಂದೇ ಕೀಲಿ ಹುಡುಕಿ ಒತ್ತಿದಳು, ಆ ಪದವನ್ನು ಮೊದಲ ಸಲ ಬರೆಯುತ್ತಿರುವವಳ ಹಾಗೆ. ಕೊ. ಟ್. ರೇ. ಶ. ಪರದೆಯ ಮೇಲೆ ರಕಾರದ ಒತ್ತು ಜಾರಿ ಪಕ್ಕಕ್ಕೆ ಹೋಗಿತ್ತು. ಅವಳು ತುಟಿ ಅಲುಗಿಸಿದಳೋ ಇಲ್ಲವೋ ನಾನು ಖಚಿತವಾಗಿ ಹೇಳಲಾರೆ. ಎಂಟರ್ ಒತ್ತಿದಳು. ಯಂತ್ರ ಏನೂ ಹೇಳಲಿಲ್ಲ. ಲಿನಕ್ಸಿನಲ್ಲಿ ಏನೂ ಹೇಳದಿದ್ದರೆ ಕೆಲಸ ಆಯಿತು ಎಂದು ಅರ್ಥ.

ಇನ್ನು ಉಳಿದದ್ದು ಹುಡುಕುವ ಸಾಲು. ಅವಳು ಆ ಸಾಲು ಇರುವ ಫೈಲು ತೆರೆದಳು. ಕೊನೆಯಲ್ಲಿ ಕೊಟ್ರೇಶ ಬರೆದಿಟ್ಟ ಅವನದೇ ವಿಳಾಸ. ಅದನ್ನು ಅಳಿಸಿ ಹೊಸದು ಬರೆ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಇದು ಇದ್ರ ಏನರ ತೊಂದ್ರಿ ಐತೇನ್ರಿ ಅಣ್ಣಾರ?"

"ಏನೂ ಇಲ್ಲ. ಆ ಜಾಗ ಇಲ್ಲ ಅಂತ ಗೊತ್ತಾದ್ರ ಸುಮ್ಮನ ಮುಂದಿನ ಜಾಗಕ್ಕ ಹೋಗ್ತೈತಿ."

"ಹಂಗಾರ ಇರ್ಲಿ" ಎಂದು, ಅದು ಮುಗಿದ ಮೇಲೆ, ಸಾಲಿನ ಕೊನೆಗೆ "ಕಾಟಾ" ಎಂದು ಸೇರಿಸಿದಳು. ಕಪ್ಪು ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದಳು. ಹಾಗಾಗಿ ಇವತ್ತಿಗೂ ಆ ಮಿಲ್ಲಿನಲ್ಲಿ ಗಾಡಿ ಬಂದು ಅವಳು "ತುಂಬಿದ" ಎಂದು ಹೊಡೆದಾಗಲೆಲ್ಲ, ಯಂತ್ರ ಮೊದಲು ಕೊಟ್ರೇಶನ ಮನೆಯ ಕಡೆ ಹೋಗಿ ನೋಡುತ್ತದೆ. ಅಲ್ಲಿ ಅವನಿಲ್ಲ. ಆಮೇಲೆ ಕಾಟಾಕ್ಕೆ ಬಂದು ಕೆಲಸ ಹಿಡಿಯುತ್ತದೆ. ಕಣ್ಣು ಮಿಟುಕಿಸುವಷ್ಟೂ ತಡವಾಗುವುದಿಲ್ಲ. ಆದರೂ ಹೋಗಿ ನೋಡುತ್ತದೆ ಎಂದು ನನಗೆ ಗೊತ್ತು. ಅವನ ಫೋನಿಗೆ ನಾನು ಬಸ್ಸಿನಲ್ಲಿ ಕರೆ ಮಾಡಿದ ಹಾಗೆ.

"ತುಂಬಿದ" ಎಂದು ಅವಳು ಹೊಡೆದಳು. ತೂಕ ಬಂತು. ಹೊರಗಿನ ಪರದೆಯಲ್ಲಿ ಅಂಕಿ ದೊಡ್ಡದಾಗಿ ಕಂಡಿತು. ಯಮನೂರಮ್ಮ ಅದನ್ನು ಓದಲಾರಳು, ಆದರೆ ನೋಡಿ ತಲೆಯಾಡಿಸಿದಳು. ಗಾಡಿ ಇಳಿಯಿತು, ಹಿಂದಿನದು ಹತ್ತಿತು. ಅದರ ಹಿಂದಿನದು ಹತ್ತಿತು. ಮಧ್ಯಾಹ್ನದವರೆಗೂ ಅವಳು ತಲೆ ಎತ್ತಲಿಲ್ಲ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆ. ಕುಷ್ಟಗಿಯ ಬಸ್ಸು ಒಂದೆರಡು ಹೋದವು, ಏಳಲು ಮನಸ್ಸಾಗಲಿಲ್ಲ.

ಈಶಪ್ಪನವರು ಕುರ್ಚಿಯ ಮಾತೇ ಎತ್ತಲಿಲ್ಲ. ಗಾಡಿ ನಿಂತಿದ್ದವು ಎಂಬುದು ನಿಜ. ತೂಗಿದ್ದೂ ನಿಜ. ಅವರು ಯಾವುದನ್ನು ಹಿಡಿಯುತ್ತಾರೋ ಎಂದು ಲಲಿತಾ ಒಳಗೊಳಗೇ ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಊಟದ ಹೊತ್ತಿಗೆ ಗಾಡಿಗಳ ಸಾಲು ಕರಗಿದಾಗ ಅವರು ರೂಮಿನ ಬಾಗಿಲಿಗೆ ಬಂದು ನಿಂತರು. ಫೋಟೋ ನೋಡಿದರು. ಆಮೇಲೆ ಅವಳ ಕಾಲು ನೋಡಿದರು. ನೆಲದಿಂದ ಒಂದು ಗೇಣು ಮೇಲೆ ತೂಗುತ್ತಿದ್ದವು.

"ಲೇ ಶಬ್ಬೀರಾ" ಎಂದು ಕೂಗಿದರು. "ಈ ಕುರ್ಚಿ ಒಂಚೂರು ತಗ್ಗಸೋ. ದಿನಾ ಕೂರಾಕಿ ಹ್ಯಾಂಗ ಕೂರಬೇಕು ಇದರ ಮ್ಯಾಲ?"

ಲಲಿತಾ ಎದ್ದು ಗೋಡೆಗೆ ಒರಗಿ ನಿಂತಳು. ಶಬ್ಬೀರಸಾಬ ಮೊಣಕಾಲೂರಿ ಕುಳಿತು ಕುರ್ಚಿಯ ಕೆಳಗಿನ ಹಿಡಿ ಎಳೆದ. ಅದು ಬರಲಿಲ್ಲ. ಇಷ್ಟು ವರ್ಷದ ತೌಡಿನ ಧೂಳು ಗಟ್ಟಿಯಾಗಿ ಕೂತಿತ್ತು. ಅವನು ಹೊರಗೆ ಹೋಗಿ ಸುತ್ತಿಗೆ ತಂದ.